ಮಗ್ಗುಲಾಗಿ ಮಲಗುವವರಿಗೆ ಯಾವ ಕ್ಯಾಂಪಿಂಗ್ ಮ್ಯಾಟ್?

ಪ್ರಶ್ನೆ: ನಾನು ಧಾರವಾಡದವ. ವಯಸ್ಸು 44, ಎತ್ತರ 5 ಅಡಿ 10 ಇಂಚು, ತೂಕ 82 ಕೆ.ಜಿ. ವರ್ಷಕ್ಕೆ ಐದಾರು ಸಲ ಗೆಳೆಯರ ಜೊತೆ ಬೈಕಿನಲ್ಲಿ ಹೋಗಿ ಟೆಂಟ್ ಹಾಕುತ್ತೇವೆ. ಒಮ್ಮೆ ದಾಂಡೇಲಿ ಕಡೆ, ಒಮ್ಮೆ ಗದಗ ಕಡೆ ಗುರುತಿನವರ ಹೊಲದಲ್ಲಿ. ಇಷ್ಟು ದಿನ ಮನೆಯವರ ಯೋಗ ಮ್ಯಾಟ್ ಒಯ್ಯುತ್ತಿದ್ದೆ. ಬೆಳಿಗ್ಗೆ ಏಳುವಷ್ಟರಲ್ಲಿ ಸೊಂಟ, ಭುಜ ಹಿಡಿದುಕೊಂಡಿರುತ್ತವೆ. ನನಗೆ ಮಗ್ಗುಲಾಗಿ ಮಲಗಿದರೇ ನಿದ್ದೆ. ಬ್ಯಾಗಿನೊಳಗೆ ಹಿಡಿಯುವ, ನಿದ್ದೆಯೂ ಬರುವ ಮ್ಯಾಟ್ ಯಾವುದು? ಗಾಳಿಯದೋ, ಫೋಮಿನದೋ? ಮುಂದಿನ ಡಿಸೆಂಬರಿನಲ್ಲಿ ಉತ್ತರಾಖಂಡದ ಹಿಮಾಲಯದಲ್ಲಿರುವ ಕೇದಾರಕಂಠ ಶಿಖರಕ್ಕೆ ಹೋಗುವ ಆಸೆಯೂ ಇದೆ. ಅಲ್ಲಿಗೂ ಅದೇ ನಡೆಯುತ್ತದೆಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ‘ಮಗ್ಗುಲಾಗಿ ಮಲಗಿದರೇ ನಿದ್ದೆ’ ಅಂದಿರಲ್ಲ, ಅಂಗಡಿಯಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ. ತೂಕ ಎಷ್ಟು, ಸುತ್ತಿದರೆ ಎಷ್ಟಾಗುತ್ತದೆ, ರೇಟು ಎಷ್ಟು, ಅಲ್ಲಿಗೆ ಮುಗೀತು. ನಾನು ಹುಬ್ಬಳ್ಳಿಯಲ್ಲಿ ಟೆಂಟು, ಮ್ಯಾಟು, ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ಕೊಡುವವನು. ಸೋಮವಾರ ಬೆಳಿಗ್ಗೆ ಸಾಮಾನು ವಾಪಸ್ ಕೊಡಲು ಬರುವವರ ನಡಿಗೆ ನೋಡಿದರೆ ಸಾಕು, ಯಾರಿಗೆ ಯಾವ ಮ್ಯಾಟ್ ಕೊಟ್ಟಿದ್ದೆ ಅಂತ ನೆನಪಾಗುತ್ತದೆ.

ಮೊದಲು ಒಂದು ಕೆಲಸ ಮಾಡಿ. ಮನೆಯ ಟೈಲ್ಸ್ ಮೇಲೆ ಅದೇ ಯೋಗ ಮ್ಯಾಟ್ ಹಾಸಿ ಅಂಗಾತ ಮಲಗಿ. ಪರವಾಗಿಲ್ಲ ಅನ್ನಿಸುತ್ತದೆ. ಮೈ ಭಾರ ಬೆನ್ನು, ಕುಂಡಿ, ತೊಡೆ, ಹಿಮ್ಮಡಿ ತನಕ ಹರಡಿರುತ್ತದೆ. ಈಗ ಮಗ್ಗುಲಿಗೆ ಹೊರಳಿ. ಭಾರವೆಲ್ಲ ಒಂದು ಭುಜ, ಒಂದು ಸೊಂಟದ ಮೂಳೆಯ ಮೇಲೆ ಬಂತು. ನಡುವೆ ಪಕ್ಕೆಯ ಕೆಳಗೆ ಕೈ ತೂರಿಸುವಷ್ಟು ಜಾಗ ಖಾಲಿ. ಒಳ್ಳೆ ಮ್ಯಾಟ್ ಅಂದರೆ ಭುಜ ಮತ್ತು ಸೊಂಟವನ್ನು ಒಳಗೆ ಇಳಿಯಲು ಬಿಟ್ಟು, ಆ ಖಾಲಿ ಜಾಗಕ್ಕೆ ಆಸರೆ ಕೊಡುವಂಥದ್ದು. ಅಷ್ಟು ಇಳಿಯಬೇಕಾದರೆ ದಪ್ಪ ಬೇಕೇ ಬೇಕು. ಯೋಗ ಮ್ಯಾಟಿನ ದಪ್ಪ ಸಾಮಾನ್ಯವಾಗಿ 4ರಿಂದ 6 ಮಿ.ಮೀ. ಅದನ್ನು ಮಾಡಿರುವುದು ಕಾಲು ಜಾರದಿರಲಿ ಅಂತ. ಅದರ ಮೇಲೆ 82 ಕೆ.ಜಿ. ಮಗ್ಗುಲಾಗಿ ಬಿದ್ದರೆ ಮೂಳೆಗೂ ನೆಲಕ್ಕೂ ನಡುವೆ ಏನೂ ಇಲ್ಲದ ಲೆಕ್ಕ.

ಹಾಗಾಗಿ ನಿಮ್ಮ ಮಟ್ಟಿಗೆ ಮೊದಲ ಅಳತೆ ದಪ್ಪ. ಅಂಗಾತ ಮಲಗುವವರಿಗೆ 2-3 ಸೆಂ.ಮೀ. ಸಾಕಾಗುತ್ತದೆ, ಹುಡುಗರಿಗಂತೂ ಅದೂ ಜಾಸ್ತಿ. ಮಗ್ಗುಲಾಗಿ ಮಲಗುವವರು 7-8 ಸೆಂ.ಮೀ.ಗಿಂತ ಕೆಳಗೆ ನೋಡಲೇಬೇಡಿ. ಮೆತ್ತಗೆ ಇದೆ ಅಂತ ಅಂಗೈಯಲ್ಲಿ ಒತ್ತಿ ಖರೀದಿಸುವವರನ್ನು ಬಹಳ ನೋಡಿದ್ದೇನೆ. ಅಂಗೈಗೆ ಸೊಂಟದ ಸುದ್ದಿ ಏನು ಗೊತ್ತು?

ಮಾರುಕಟ್ಟೆಯಲ್ಲಿ ಮೂರು ಜಾತಿ ಇವೆ.

ಒಂದು, ಫೋಮ್ ಮ್ಯಾಟ್. ಬರಿಗೈಲಿ ಕಿತ್ತರೆ ಚೂರಾಗುವ ಸ್ಪಂಜು ಅಂದುಕೊಳ್ಳಬೇಡಿ. ಇದರ ಒಳಗಿನ ಗುಳ್ಳೆಗಳು ಒಂದಕ್ಕೊಂದು ಸೇರದೆ ಮುಚ್ಚಿಕೊಂಡಿರುತ್ತವೆ. ಅದಕ್ಕೇ ನೀರು ಕುಡಿಯುವುದಿಲ್ಲ. ಮಳೆಯಲ್ಲಿ ನೆನೆದರೂ ಒಮ್ಮೆ ಜಾಡಿಸಿ ಮಲಗಬಹುದು. ತೂಕ 400 ಗ್ರಾಂ ಆಸುಪಾಸು. ಮುಳ್ಳು ಚುಚ್ಚಿದರೂ ಕಲ್ಲು ತಾಗಿದರೂ ಗೊಣಗುವುದಿಲ್ಲ. ಕೆಲವು ಸುರುಳಿ ಸುತ್ತುವಂಥವು, ಕೆಲವು ಹಾರ್ಮೋನಿಯಂ ತಿದಿಯ ಹಾಗೆ ಮಡಚುವಂಥವು. ತೊಂದರೆ ಎರಡೇ. ದಪ್ಪ ಒಂದೂವರೆ, ಎರಡು ಸೆಂ.ಮೀ. ದಾಟುವುದು ಕಮ್ಮಿ. ಮಡಚಿದರೂ ಅರ್ಧ ಮೀಟರ್ ಉದ್ದದ ಪೆಟ್ಟಿಗೆಯಂತೆ ಬ್ಯಾಗಿನ ಹೊರಗೇ ಕಟ್ಟಬೇಕು. ಕೆಂಪು ಬಸ್ಸಿನಲ್ಲಿ ಇದನ್ನು ಬೆನ್ನಿಗೆ ಹಾಕಿಕೊಂಡು ಹತ್ತಿ ನೋಡಿ, ಬಾಗಿಲಲ್ಲಿ ನೀವು ಒಳಗೆ, ಮ್ಯಾಟ್ ಹೊರಗೆ. ಹಿಂದಿನಿಂದ ಕಂಡಕ್ಟರ್ ‘ಏ ಗಾದಿ, ಒಳಗ ಸರೀರಿ’ ಅಂತ ಕೂಗುತ್ತಾನೆ. ನೀವು ಬೈಕಿನವರು, ನಿಮಗೆ ಆ ಚಿಂತೆ ಇಲ್ಲ. ಹಿಂದಿನ ಸೀಟಿಗೆ ಎರಡು ಹಗ್ಗ ಬಿಗಿದರೆ ಆಯ್ತು.

ಎರಡನೆಯದು, ತಾನೇ ಗಾಳಿ ಎಳೆದುಕೊಳ್ಳುವ ಮ್ಯಾಟ್. ಒಳಗೆ ಗುಳ್ಳೆ ತೆರೆದ ಸ್ಪಂಜು, ಹೊರಗೆ ಗಾಳಿ ಬಿಡದ ಬಟ್ಟೆ. ವಾಲ್ವ್ ತೆರೆದಿಟ್ಟರೆ ಸ್ಪಂಜು ಉಬ್ಬುತ್ತಾ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ‘ತಾನೇ’ ಅನ್ನುವುದು ಮುಕ್ಕಾಲು ಪಾಲು ಮಾತ್ರ ನಿಜ. ಕೊನೆಗೆ ನಾಲ್ಕಾರು ಉಸಿರು ನೀವೂ ಊದಬೇಕು. ಹೊಸದನ್ನು ತಂದ ದಿನ ಪೂರ್ತಿ ಉಬ್ಬುವುದೇ ಇಲ್ಲ, ಗೋದಾಮಿನಲ್ಲಿ ತಿಂಗಳುಗಟ್ಟಲೆ ಒತ್ತಿಕೊಂಡು ಬಿದ್ದಿರುತ್ತದೆ. ಒಂದು ರಾತ್ರಿ ವಾಲ್ವ್ ತೆರೆದು ಹಾಸಿಡಿ, ಸರಿಹೋಗುತ್ತದೆ. ಮಲಗಲು ಇದು ಹಿತವಾಗಿದೆ, ಗಾಳಿ ಮ್ಯಾಟಿನಂತೆ ತೂಗಾಡುವುದಿಲ್ಲ. ಆದರೆ ದಪ್ಪ ಹೆಚ್ಚಿದಂತೆ ತೂಕವೂ ಗಾತ್ರವೂ ಏರುತ್ತವೆ. ನಿಮಗೆ ಬೇಕಾದ 7-8 ಸೆಂ.ಮೀ. ದಪ್ಪದ್ದು ಒಂದೂವರೆ ಕೆ.ಜಿ. ಮುಟ್ಟುತ್ತದೆ, ಸುತ್ತಿದರೆ ದೊಡ್ಡ ದಿಂಬಿನಷ್ಟು. ಕಾರಿನಲ್ಲಿ ಹೋಗುವವರು ಇದನ್ನೇ ತಗೊಳ್ಳಿ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ.

ಮೂರನೆಯದು, ಬರೀ ಗಾಳಿಯ ಮ್ಯಾಟ್. ಸುತ್ತಿದರೆ ಒಂದು ಲೀಟರ್ ನೀರಿನ ಬಾಟಲಿಯಷ್ಟು. ತೂಕ ಸುಮಾರು 400ರಿಂದ 700 ಗ್ರಾಂ. ಊದಿದರೆ 7ರಿಂದ 10 ಸೆಂ.ಮೀ. ದಪ್ಪ. ‘ಬ್ಯಾಗಿನೊಳಗೆ ಹಿಡಿಯಬೇಕು, ಸೊಂಟವೂ ಉಳಿಯಬೇಕು’ ಅನ್ನುವ ನಿಮ್ಮ ಎರಡೂ ಮಾತಿಗೆ ಹೊಂದುವುದು ಇದೊಂದೇ. ತಗೊಳ್ಳಿ. ಆದರೆ ಒಂದು ಷರತ್ತು ಇದೆ, ಅದನ್ನು ಹೇಳಲು ನನ್ನದೇ ಒಂದು ರಾತ್ರಿಯ ಕತೆ ಹೇಳಬೇಕು.

ಗದಗ ಜಿಲ್ಲೆಯ ಡೋಣಿ ಕಡೆ, ಕಪ್ಪತಗುಡ್ಡದ ಬುಡದಲ್ಲಿ ಗೆಳೆಯರೊಬ್ಬರ ಹೊಲ. ಗುಡ್ಡ 2019ರಿಂದ ವನ್ಯಜೀವಿ ಧಾಮ, ಅರಣ್ಯ ಇಲಾಖೆಯನ್ನು ಕೇಳದೆ ಮೇಲೆ ಟೆಂಟ್ ಹಾಕುವ ಮಾತೇ ಇಲ್ಲ. ಹಾಗಾಗಿ ಹೊಲದ ಬದುವಿನ ಪಕ್ಕ ಜಾಗ ಮಾಡಿಕೊಂಡೆವು. ನನ್ನ ಹತ್ತಿರ ಆಗಷ್ಟೇ ತಂದ ಗಾಳಿ ಮ್ಯಾಟ್. ಹೊಲದ ಯಜಮಾನರ ತಂದೆ ಬಂದು ಬೆರಳಲ್ಲಿ ಒತ್ತಿ ನೋಡಿದರು. ‘ಇದಕ್ಕ ಎಷ್ಟು ಕೊಟ್ರಿ? ಮನ್ಯಾಗ ಹೊರಸು ಐತಿ, ಬಂದು ಮಲ್ಕೋರಿ’ ಅಂದರು. ನಾನು ನಕ್ಕೆ. ರಾತ್ರಿ ಎರಡಕ್ಕೆ ಎಚ್ಚರಾಯಿತು. ಸೊಂಟ ನೆಲದ ಮೇಲಿತ್ತು, ತಲೆ ಕಾಲು ಮಾತ್ರ ಗಾಳಿಯ ಮೇಲೆ. ಊದಿದೆ, ಮಲಗಿದೆ. ಒಂದು ತಾಸಿಗೆ ಮತ್ತೆ ಅದೇ ಕತೆ. ಬೆಳಗಿನ ತನಕ ನಾಲ್ಕು ಸಲ ಊದಿದೆ.

ಮನೆಗೆ ತಂದು ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆ. ಸಣ್ಣ ಗುಳ್ಳೆಗಳ ಸಾಲು, ಒಂದೇ ಜಾಗದಿಂದ. ಟೆಂಟಿನ ತಳ ತಿರುಗಿಸಿದರೆ ಅಲ್ಲೇ ಸಿಕ್ಕಿಕೊಂಡಿತ್ತು ನೆಗ್ಗಿಲ ಮುಳ್ಳು. ನೀವು ಹೊಲ ತಿರುಗಿದವರಾದರೆ ಚಪ್ಪಲಿ ಅಟ್ಟೆಯಲ್ಲಿ ಇದನ್ನು ಕಿತ್ತಿರುತ್ತೀರಿ. ಹಳದಿ ಹೂವಿನ, ನೆಲಕ್ಕೆ ಹಬ್ಬುವ ಗಿಡ. ಒಣಗಿದ ಕಾಯಿ ಹೋಳಾಗಿ ಉದುರುತ್ತದೆ. ಒಂದೊಂದು ಹೋಳಿಗೂ ಎರಡು ಗಟ್ಟಿ ಮುಳ್ಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆಯೇ ನೋಡುತ್ತಿರುತ್ತದೆ. ಸೈಕಲ್ ಟೈರನ್ನೇ ಬಿಡದ ಮುಳ್ಳಿಗೆ ಟೆಂಟಿನ ತೆಳ್ಳನೆ ಬಟ್ಟೆ ಯಾವ ಲೆಕ್ಕ? ಮೇಲಿಂದ ಜಾಲಿ ಮುಳ್ಳು ಬೇರೆ. ವಿದೇಶದ ವಿಡಿಯೋಗಳಲ್ಲಿ ಹಸಿರು ಹುಲ್ಲಿನ ಮೇಲೆ ಗಾಳಿ ಮ್ಯಾಟ್ ಹಾಸಿ ಆಹಾ ಅನ್ನುತ್ತಾರಲ್ಲ, ಅವರ ನೆಲ ಬೇರೆ, ನಮ್ಮ ನೆಲ ಬೇರೆ.

ಹಾಗಾಗಿ ಷರತ್ತು ಇದು: ನಮ್ಮ ಗದಗ, ಹಾವೇರಿ, ಧಾರವಾಡದ ಬಯಲಿನಲ್ಲಿ ಗಾಳಿ ಮ್ಯಾಟನ್ನು ಒಂಟಿಯಾಗಿ ಹಾಸಬೇಡಿ. ಅದರ ಕೆಳಗೆ ತೆಳ್ಳನೆಯ ಫೋಮ್ ಇರಲಿ. ಹೊಸದು ತರಬೇಕಾಗಿಲ್ಲ, ನಿಮ್ಮ ಆ ಯೋಗ ಮ್ಯಾಟನ್ನೇ ಭುಜದಿಂದ ತೊಡೆಯ ತನಕ ಆಗುವಷ್ಟು ಕತ್ತರಿಸಿಕೊಳ್ಳಿ. ಮನೆಯವರಿಗೆ ಹೇಳಿಯೇ ಕತ್ತರಿಸಿ! ಟೆಂಟಿನ ಕೆಳಗೂ ಒಂದು ಹಾಸು ಬೇಕು. ತಾಡಪತ್ರಿ ಆಗುತ್ತದೆ. ಹಳೆಯ ಫ್ಲೆಕ್ಸ್ ಬ್ಯಾನರ್ ಇನ್ನೂ ಒಳ್ಳೆಯದು, ಇಲೆಕ್ಷನ್ ಮುಗಿದ ಮೇಲೆ ಬೇಕಾದಷ್ಟು ಸಿಗುತ್ತವೆ. ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಸಣ್ಣದಾಗಿ ಕತ್ತರಿಸಿ. ಹೊರಗೆ ಚಾಚಿಕೊಂಡಿದ್ದರೆ ಮಳೆ ನೀರನ್ನು ಅದೇ ಹಿಡಿದು ನಿಮ್ಮ ಕೆಳಗೆ ತಂದು ನಿಲ್ಲಿಸುತ್ತದೆ. ಹಾಸುವ ಮೊದಲು ಮೊಬೈಲ್ ಬೆಳಕನ್ನು ನೆಲದ ಮಟ್ಟಕ್ಕೆ ಹಿಡಿದು ನೋಡಿ. ಮೇಲಿಂದ ಕಾಣದ ಮುಳ್ಳು, ಹರಳು ಎಲ್ಲ ಉದ್ದ ನೆರಳು ಚೆಲ್ಲಿ ಸಿಕ್ಕಿಬೀಳುತ್ತವೆ. ಎರೆ ಹೊಲವಾದರೆ ಹೆಂಟೆ ಒಡೆದು ಸಮ ಮಾಡಿಕೊಳ್ಳಿ. ಉತ್ತ ಎರೆಯ ಹೆಂಟೆ ಒಣಗಿದರೆ ಕಲ್ಲಿಗಿಂತ ಕಮ್ಮಿ ಇಲ್ಲ.

ಪಂಕ್ಚರ್ ಆದರೆ ಗಾಬರಿ ಬೇಡ. ಮ್ಯಾಟಿನ ಜೊತೆಗೇ ಅಂಟಿಸುವ ತುಂಡುಗಳು ಬರುತ್ತವೆ. ತೂತು ಹುಡುಕಲು ತೊಟ್ಟಿ ಇಲ್ಲದಿದ್ದರೆ ಸೋಪಿನ ನೀರು ಸವರಿ, ನೊರೆ ಏಳುವ ಕಡೆ ಪೆನ್ನಿನಿಂದ ಗುರುತು ಹಾಕಿ. ಗಾಳಿ ಪೂರ್ತಿ ಬಿಟ್ಟು, ಒಣಗಿಸಿ, ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಅಂಟಿಸಿ ಒಂದಷ್ಟು ಹೊತ್ತು ಭಾರ ಇಡಿ. ಆ ಡೋಣಿಯ ಮ್ಯಾಟನ್ನು ನಾನು ಜಾಣತನ ಮಾಡಿ ಸೈಕಲ್ ಶಾಪಿಗೆ ಒಯ್ದಿದ್ದೆ. ಸೊಲ್ಯೂಷನ್ ಹಚ್ಚಿ ರಬ್ಬರ್ ತುಂಡು ಕೂರಿಸಿದರು. ಮರುದಿನ ಹಪ್ಪಳದ ಹಾಗೆ ಎದ್ದು ಬಂತು. ಅದು ಟ್ಯೂಬಿನ ರಬ್ಬರಿಗೆ ಮಾಡಿದ ಅಂಟು, ಈ ಬಟ್ಟೆಗೆ ಹಿಡಿಯುವುದಿಲ್ಲ.

ಇನ್ನು ಗಾಳಿ ತುಂಬುವ ವಿಷಯ. ಹತ್ತರಲ್ಲಿ ಒಂಬತ್ತು ಜನ ತಪ್ಪು ಮಾಡುವುದು ಇಲ್ಲೇ. ಮ್ಯಾಟನ್ನು ಡೊಳ್ಳಿನ ಹಾಗೆ ಬಿಗಿ ಮಾಡಿ ಮಲಗುತ್ತಾರೆ, ಬೆಳಿಗ್ಗೆ ‘ಇದಕ್ಕಿಂತ ನೆಲವೇ ವಾಸಿ’ ಅನ್ನುತ್ತಾರೆ. ಪೂರ್ತಿ ತುಂಬಿ, ಹೌದು. ಆಮೇಲೆ ಅದರ ಮೇಲೆ ಮಗ್ಗುಲಾಗಿ ಮಲಗಿ, ಕೈ ಚಾಚಿ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಸೊಂಟ ನಿಧಾನವಾಗಿ ಇಳಿಯುತ್ತದೆ. ಕೆಳಗೆ ಕೈ ತೂರಿಸಿದರೆ ಮೂಳೆಗೂ ನೆಲಕ್ಕೂ ಎರಡು ಬೆರಳು ಅಂತರ ಉಳಿದಿರಬೇಕು. ಅಲ್ಲಿಗೆ ಮುಚ್ಚಿ. ಬಾಡಿಗೆಗೆ ಒಯ್ಯುವವರಿಗೆ ಇದನ್ನು ಅಂಗಡಿಯ ನೆಲದ ಮೇಲೇ ಮಾಡಿ ತೋರಿಸುತ್ತೇನೆ. ‘ಅಯ್ಯ, ಇದು ಬೇರೆ ಮ್ಯಾಟ್ ಆತಲ್ರಿ’ ಅನ್ನುತ್ತಾರೆ.

ರಾತ್ರಿ ಮ್ಯಾಟ್ ಸ್ವಲ್ಪ ಸಡಿಲಾದರೆ ತೂತು ಅಂತಲೇ ತೀರ್ಮಾನ ಮಾಡಬೇಡಿ. ಸಂಜೆ 30 ಡಿಗ್ರಿ ಬಿಸಿಯಲ್ಲಿ ತುಂಬಿದ ಗಾಳಿ ಬೆಳಗಿನ ಜಾವ 15 ಡಿಗ್ರಿಗೆ ಇಳಿದರೆ ನೂರಕ್ಕೆ ಐದರಷ್ಟು ಕುಗ್ಗುತ್ತದೆ. ಅದಕ್ಕೇ ಊಟ ಮುಗಿಸಿ, ಮಲಗುವ ಮುಂಚೆ ಇನ್ನೆರಡು ಉಸಿರು ಸೇರಿಸಿ. ಇದರ ಉಲ್ಟಾವೂ ಅಷ್ಟೇ ನಿಜ. ಬಿಗಿಯಾಗಿ ಊದಿದ ಮ್ಯಾಟನ್ನು ಏಪ್ರಿಲ್ ಬಿಸಿಲಿಗೆ ಟೆಂಟಿನೊಳಗೆ ಬಿಟ್ಟು ಸುತ್ತಾಡಲು ಹೋದರೆ ಒಳಗಿನ ಹೊಲಿಗೆ, ಅಂಟು ಬಿಟ್ಟುಕೊಂಡು ಒಂದು ಕಡೆ ಬೋರೆಹಣ್ಣಿನಂತೆ ಗುಂಡಗೆ ಉಬ್ಬುತ್ತದೆ. ಅದಕ್ಕೆ ರಿಪೇರಿ ಇಲ್ಲ. ಹಗಲು ಹೊತ್ತು ವಾಲ್ವ್ ತೆರೆದಿಡಿ. ಬಾಯಿಂದ ಊದಿದರೆ ಸುಮಾರು 20-25 ಉಸಿರು ಬೇಕು, ತಲೆ ಗಿರ್ರೆನ್ನುತ್ತದೆ. ಜೊತೆಗೆ ಬಾಯಿಯ ತೇವ ಒಳಗೆ ಸೇರಿ ಬೂಷ್ಟು ಹಿಡಿಯುತ್ತದೆ. ಗಾಳಿ ತುಂಬುವ ಚೀಲದ ಜೊತೆ ಬರುವ ಮ್ಯಾಟನ್ನೇ ಆರಿಸಿ. ಕಿಡಿಯಿಂದಲೂ ದೂರ ಇಡಿ. ಸೊಳ್ಳೆ ಬತ್ತಿಯ ತುದಿ ತಾಗಿದರೂ ಸಾಕು.

ಈಗ ಚಳಿಯ ಮಾತು, ಕೇದಾರಕಂಠದ ಮಾತು. ನಮ್ಮಲ್ಲಿ ಚಳಿ ಮೇಲಿನಿಂದ ಬರುತ್ತದೆ ಅಂತ ದೊಡ್ಡ ರಗ್ಗು ಹೊದೆಯುತ್ತೇವೆ. ಟೆಂಟಿನಲ್ಲಿ ಚಳಿ ಹೆಚ್ಚು ಬರುವುದು ಕೆಳಗಿನಿಂದ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ಚೆನ್ನಾಗಿದ್ದರೂ ಬೆನ್ನ ಕೆಳಗಿನ ಭಾಗ ನಿಮ್ಮ ಭಾರಕ್ಕೆ ಚಪ್ಪಟೆಯಾಗಿ ಗಾಳಿಯೆಲ್ಲ ಹೋಗಿರುತ್ತದೆ. ಆಮೇಲೆ ನೆಲ ನಿಮ್ಮ ಮೈ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಅದನ್ನು ತಡೆಯುವ ಕೆಲಸ ಮ್ಯಾಟಿನದು. ಎಷ್ಟು ತಡೆಯುತ್ತದೆ ಅನ್ನುವುದನ್ನು ಆರ್-ವ್ಯಾಲ್ಯೂ ಅನ್ನುವ ಅಂಕಿಯಲ್ಲಿ ಹೇಳುತ್ತಾರೆ. ಒಂದು ಬಿಸಿ ತಟ್ಟೆ, ಒಂದು ತಣ್ಣನೆ ತಟ್ಟೆ, ನಡುವೆ ಮ್ಯಾಟ್ ಇಟ್ಟು, ಬಿಸಿ ತಟ್ಟೆಯನ್ನು ಬಿಸಿಯಾಗಿಯೇ ಇಡಲು ಎಷ್ಟು ಕರೆಂಟು ಬೇಕು ಅಂತ ಅಳೆಯುತ್ತಾರೆ. ಮೊದಲು ಒಬ್ಬೊಬ್ಬ ಕಂಪನಿ ತನಗೆ ತೋಚಿದಂತೆ ಅಳೆಯುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಅನ್ನುವ ಒಂದೇ ಅಳತೆ ಬಂತು, 2020ರ ಹೊತ್ತಿಗೆ ಹೆಸರಾಂತ ಕಂಪನಿಗಳು ಅದಕ್ಕೆ ಹೊಂದಿಕೊಂಡವು. ಪೊಟ್ಟಣದ ಮೇಲೆ ಆ ಹೆಸರು ಇದ್ದರೆ ಅಂಕಿಯನ್ನು ನಂಬಬಹುದು. ಬರೀ ‘ಮೈನಸ್ 10ಕ್ಕೆ ಸರಿ’ ಅಂತ ಬರೆದಿದ್ದರೆ ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಮ್ಮ ಕಡೆ ಡಿಸೆಂಬರ್ ಬೆಳಗಿನ ಜಾವ 13-14 ಡಿಗ್ರಿಗೆ ಇಳಿಯುವುದುಂಟು. ಅದಕ್ಕೆ ಆರ್-ವ್ಯಾಲ್ಯೂ 2 ಧಾರಾಳ. ಕೇದಾರಕಂಠದ ತುದಿ ಸುಮಾರು 3,800 ಮೀಟರ್. ಡಿಸೆಂಬರಿನಲ್ಲಿ ಹಿಮದ ಮೇಲೆ ಟೆಂಟು, ರಾತ್ರಿ ಸೊನ್ನೆಗಿಂತ ಕೆಳಗೆ. ಅಲ್ಲಿಗೆ 4 ದಾಟಿರಬೇಕು. ಇಲ್ಲೊಂದು ಅನುಕೂಲ ಇದೆ, ಈ ಅಂಕಿಗಳನ್ನು ಕೂಡಿಸಬಹುದು. 2ರ ಫೋಮ್ ಮೇಲೆ 3ರ ಗಾಳಿ ಮ್ಯಾಟ್ ಹಾಸಿದರೆ 5. ಹಾಗಾಗಿ ಸುಮ್ನೆ ದುಬಾರಿ ಚಳಿಗಾಲದ ಮ್ಯಾಟಿಗೆ ದುಡ್ಡು ಸುರಿಯಬೇಡಿ. 3ರ ಆಸುಪಾಸಿನ ಗಾಳಿ ಮ್ಯಾಟ್ ತಗೊಳ್ಳಿ. ಕೇದಾರಕಂಠಕ್ಕೆ ಕರೆದೊಯ್ಯುವವರು ಸಾಮಾನ್ಯವಾಗಿ ತಾವೇ ಒಂದು ಫೋಮ್ ಕೊಡುತ್ತಾರೆ. ಮೊದಲೇ ಕೇಳಿಕೊಳ್ಳಿ, ಅದರ ಮೇಲೆ ನಿಮ್ಮದು ಹಾಸಿ. ಒಂದು ಎಚ್ಚರಿಕೆ: ದಪ್ಪ ಇದ್ದ ಮಾತ್ರಕ್ಕೆ ಬೆಚ್ಚಗಿರುತ್ತದೆ ಅಂತಲ್ಲ. ಈಜುಕೊಳದಲ್ಲಿ ತೇಲಲು ಬಿಡುವಂಥ ಬರೀ ಗಾಳಿಯ ಹಾಸಿಗೆ ಎಷ್ಟೇ ದಪ್ಪ ಇದ್ದರೂ ಒಳಗಿನ ಗಾಳಿ ಸುತ್ತಾಡುತ್ತಾ ಮೈ ಬಿಸಿಯನ್ನು ನೆಲಕ್ಕೆ ಸಾಗಿಸುತ್ತದೆ. ಒಳಗೆ ನಾರಿನ ಪದರವೋ ಹೊಳೆಯುವ ಹಾಳೆಯೋ ಇದ್ದದ್ದೇ ಬೆಚ್ಚಗಿನ ಮ್ಯಾಟ್. ಹೊಳೆಯುವ ಹಾಳೆಯವು ಕೆಲವು ಚಿಪ್ಸ್ ಪೊಟ್ಟಣದ ಹಾಗೆ ಚರಚರ ಅನ್ನುತ್ತವೆ. ಪಕ್ಕದಲ್ಲಿ ಮಲಗಿದ ಗೆಳೆಯರಿಗಾಗಿ ಆದರೂ ಅಂಗಡಿಯಲ್ಲೇ ಒಮ್ಮೆ ಹೊರಳಿ ಕೇಳಿಸಿಕೊಳ್ಳಿ.

ಅಳತೆಯ ಬಗ್ಗೆ ಎರಡೇ ಮಾತು. ಸಾಮಾನ್ಯ ಮ್ಯಾಟ್ 183 ಸೆಂ.ಮೀ. ಉದ್ದ, 51 ಸೆಂ.ಮೀ. ಅಗಲ. ನಿಮ್ಮ ಎತ್ತರಕ್ಕೆ ಉದ್ದ ಹೊಂದುತ್ತದೆ. ಅಗಲ ಮಾತ್ರ ಸಾಲದು. ಮಗ್ಗುಲಾಗಿ ಮಲಗುವವರು ಮೊಣಕಾಲು ಮಡಚುತ್ತಾರೆ, ರಾತ್ರಿಯಲ್ಲಿ ನಾಲ್ಕಾರು ಸಲ ಹೊರಳುತ್ತಾರೆ. 63-64 ಸೆಂ.ಮೀ. ಅಗಲದ್ದು ಹುಡುಕಿ. ನೂರು ನೂರೈವತ್ತು ಗ್ರಾಂ ಜಾಸ್ತಿ ಆದರೆ ಆಗಲಿ. ಇಬ್ಬರ ಟೆಂಟಿನಲ್ಲಿ ಇಂಥ ಎರಡು ಹಿಡಿಯುತ್ತವೆಯೇ ಅಂತ ಮೊದಲೇ ಅಳೆದುಕೊಳ್ಳಿ, ಕೆಲವು ಟೆಂಟು 120 ಸೆಂ.ಮೀ. ಅಗಲವೂ ಇರುವುದಿಲ್ಲ.

ಕೆಲವರು ಕೇಳುತ್ತಾರೆ, ಇದೆಲ್ಲ ಯಾಕೆ, ಕೌದಿ ಇಲ್ಲವೇ ಅಂತ. ಇದೆ, ನಮ್ಮ ಮನೆಯಲ್ಲೂ ಅಜ್ಜಿ ಹೊಲಿದದ್ದು ಇದೆ. ಹಳೆ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಯನ್ನು ನವಲಗುಂದದ ಜಮಖಾನದ ಮೇಲೆ ಹಾಸಿದರೆ ಯಾವ ಕಂಪನಿಯ ಮ್ಯಾಟೂ ಬೇಡ. ಕಾರು ಇದ್ದರೆ ಒಯ್ಯಿರಿ. ಆದರೆ ಅದು ಹತ್ತಿ. ದಾಂಡೇಲಿಯ ಇಬ್ಬನಿಗೆ ತೇವ ಎಳೆದುಕೊಂಡರೆ ಎರಡು ದಿನ ಒಣಗುವುದಿಲ್ಲ, ತೂಕವೂ ಹೊರೆ. ಕಂಬಳಿ ಆ ವಿಷಯದಲ್ಲಿ ಗಟ್ಟಿ. ಉಣ್ಣೆ ಸ್ವಲ್ಪ ತೇವವಾದರೂ ಬೆಚ್ಚಗಿರುತ್ತದೆ. ನಾನಂತೂ ಮ್ಯಾಟಿನ ಮೇಲೆ ಒಂದು ತೆಳ್ಳನೆ ಕಂಬಳಿ ಹಾಸುತ್ತೇನೆ. ಸ್ಲೀಪಿಂಗ್ ಬ್ಯಾಗ್ ಜಾರಿ ಮೂಲೆಗೆ ಹೋಗುವುದು ನಿಲ್ಲುತ್ತದೆ.

ಮನೆಗೆ ಬಂದ ಮೇಲೆ ಮ್ಯಾಟನ್ನು ಚೀಲದಲ್ಲೇ ಅಟ್ಟಕ್ಕೆ ಎಸೆಯಬೇಡಿ. ಒರೆಸಿ, ಒಣಗಿಸಿ, ವಾಲ್ವ್ ತೆರೆದು, ಮಂಚದ ಕೆಳಗೆ ಸಡಿಲಾಗಿ ಹಾಸಿಡಿ. ಇಲಿ ಇರುವ ಮನೆಯಾದರೆ ಬೀರುವಿನ ಮೇಲೆ.

ನೋವಿನ ಬಗ್ಗೆ ಒಂದು ಮಾತು. ಟೆಂಟಿನಲ್ಲಿ ಮಲಗಿದಾಗ ಮಾತ್ರ ಹಿಡಿದು, ಮಧ್ಯಾಹ್ನದೊಳಗೆ ಬಿಡುವ ನೋವು ನೆಲದ್ದು, ಮ್ಯಾಟ್ ಬದಲಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಮನೆಯ ಹಾಸಿಗೆಯಲ್ಲೂ ಇದ್ದರೆ, ಕಾಲಿಗೆ ಇಳಿದು ಜೋಮು ಹಿಡಿಯುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಮ್ಯಾಟ್ ಆಮೇಲೆ. ಮಲಗುವಾಗ ಮೊಣಕಾಲುಗಳ ನಡುವೆ ಮಡಚಿದ ಸ್ವೆಟರ್ ಇಟ್ಟುಕೊಳ್ಳಿ, ಸೊಂಟ ತಿರುಚಿಕೊಳ್ಳುವುದು ಕಮ್ಮಿಯಾಗುತ್ತದೆ. ನೆಲ ಇಳಿಜಾರಿದ್ದರೆ ತಲೆ ಎತ್ತರದ ಕಡೆಗೆ.

ಖರೀದಿಸಿದ ಮೇಲೆ ಬಿಲ್ ಎಸೆಯಬೇಡಿ. ಅದೇ ವಾರ ಮನೆಯ ಮಾಳಿಗೆಯ ಮೇಲೆ, ಕೆಳಗೆ ಯೋಗ ಮ್ಯಾಟ್ ಹಾಕಿ, ಒಂದು ಇಡೀ ರಾತ್ರಿ ಮಲಗಿ. ಬೆಳಿಗ್ಗೆ ಸುತ್ತುವುದನ್ನೂ ಅಲ್ಲೇ ಕಲಿಯಿರಿ: ಉದ್ದಕ್ಕೆ ಮೂರು ಮಡಿಕೆ, ಕಾಲಿನ ಕಡೆಯಿಂದ ವಾಲ್ವ್ ಕಡೆಗೆ ಒಮ್ಮೆ ಸುತ್ತಿ ಗಾಳಿ ಹೊರಡಿಸಿ, ವಾಲ್ವ್ ಮುಚ್ಚಿ, ಬಿಚ್ಚಿ, ಇನ್ನೊಮ್ಮೆ ಬಿಗಿಯಾಗಿ ಸುತ್ತಿ. ಮೊದಲ ಸಲ ಚೀಲದೊಳಗೆ ಹೋಗುವುದಿಲ್ಲ, ಯಾರದೂ ಹೋಗಿಲ್ಲ. ಸೊಂಟ ನೆಲ ತಾಗಿತ್ತೋ, ಗಾಳಿ ಇಳಿದಿತ್ತೋ ಮಾಳಿಗೆಯ ಮೇಲೆ ಗೊತ್ತಾದರೆ ಮರುದಿನವೇ ಅಂಗಡಿಗೆ ಹೋಗಿ ಬದಲಿಸಿಕೊಳ್ಳಬಹುದು.